ಅರವತ್ತೈದರ ಕೇಕು

"ಅಮ್ಮಾ, ಮಿಸ್ ವರ್ಲೀನ್‌ಗೆ ಬೇಗ ಮುದುಕಿ ಆಗ್ಬೇಕು ಅಂತ ಯಾಕೆ ಅಷ್ಟು ಆಸೆ?"

ಹ್ಯಾಟಿ ಇದನ್ನು ಕೇಳಿದ್ದು ಬೀನ್ಸಿನ ಬಟ್ಟಲಲ್ಲಿ ಮೆಕ್ಕೆಜೋಳದ ಬ್ರೆಡ್ಡಿನ ಚೂರನ್ನು ಮುಳುಗಿಸಿ ತೇಲಿಸಿ ಆಡುತ್ತಾ. ಅವಳಿಗೀಗ ಆರು. ಏಳಾಗಬೇಕು ಎಂಬ ಆಸೆ ಅವಳಿಗೂ ಇದೆ. ಏಳಾದರೆ ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚುತ್ತೇನೆಂದು ಅವಳಪ್ಪ ಮಾತು ಕೊಟ್ಟಿದ್ದಾನೆ. ಅರವತ್ತೈದಾದರೆ ಯಾರು ಏನು ಬಿಚ್ಚುತ್ತಾರೆ ಎಂಬುದು ಮಾತ್ರ ಅವಳ ತಲೆಗೆ ಹತ್ತಲಿಲ್ಲ.

"ಯಾರು ಹೇಳಿದ್ದು ನಿಂಗೆ?"

"ಅವರೇ. ಡಾಗ್‌ವುಡ್ ಮರ ಹೂ ಬಿಟ್ಟಾಗ ಅರವತ್ತೈದು ತುಂಬುತ್ತಂತೆ. ಆಮೇಲೆ ಎಷ್ಟು ಬೇಕಾದ್ರೂ ಹುಷಾರು ತಪ್ಪಬಹುದಂತೆ. ಈಗ್ಲೇ ತಪ್ಪಿದ್ರೆ ಯಾರಾದ್ರೂ ಬೈತಾರಾ?"

ಯಾರೂ ಬೈಯುವುದಿಲ್ಲ ಎಂದೆ. ಅರವತ್ತೈದಾದವರಿಗೆ ಸರ್ಕಾರ ಒಂದು ಕಾರ್ಡು ಕೊಡುತ್ತದೆ, ಅದನ್ನು ತೋರಿಸಿದರೆ ಆಸ್ಪತ್ರೆಯ ಬಿಲ್ಲಿನ ಬಹುಪಾಲನ್ನು ಸರ್ಕಾರವೇ ಕಟ್ಟುತ್ತದೆ ಎಂದೆ.

"ಹಂಗಾದ್ರೆ ಎಲ್ರಿಗೂ ಈಗ್ಲೇ ಕೊಟ್ಬಿಡಬಹುದಲ್ಲ?"

"ಬೀನ್ಸ್ ತಣ್ಣಗಾಗ್ತಿದೆ, ತಿನ್ನು" ಎಂದೆ. ತಾಯಂದಿರಿಗೆ ಉತ್ತರ ಗೊತ್ತಿಲ್ಲದಾಗೆಲ್ಲ ಮಕ್ಕಳ ಊಟ ತಣ್ಣಗಾಗುತ್ತದೆ. ಅವಳು ಮಲಗಿದ ಮೇಲೆ ನನಗೇ ಸಮಾಧಾನವಾಗಲಿಲ್ಲ. ದೊಡ್ಡವಳಾದ ಮೇಲಾದರೂ ಓದಲಿ ಎಂದು ಮಿಸ್ ವರ್ಲೀನರ ವಿಚಾರವನ್ನು ಬರೆದಿಡಲು ಶುರುಮಾಡಿದೆ. ಅದು ಮುಗಿಯುವ ಮುಂಚೆಯೇ ಆ ಶನಿವಾರ ಬಂತು. ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮಿಸ್ ವರ್ಲೀನ್ ಸ್ಟೂಕ್ಸ್‌ಬರಿಯವರ (ಮದುವೆಯಾದ ಹಿರಿಯರನ್ನೂ ನಮ್ಮ ಕಡೆ ಮಿಸ್ ಎಂದೇ ಕರೆಯುವುದು) ಮನೆ ನಮ್ಮ ಮನೆಯಿಂದ ಮೇಲಕ್ಕೆ ಎರಡನೇ ತಿರುವಿನಲ್ಲಿದೆ. ಟೆನೆಸ್ಸಿಯ ಈ ಬೆಟ್ಟದ ರಸ್ತೆಯಲ್ಲಿ ದಾರಿ ಹೇಳುವವರಿಗೆಲ್ಲ ಅದೇ ಗುರುತು: "ಕೇಕಿನ ಘಮ ಬರೋ ತನಕ ಹತ್ತು, ಆಮೇಲೆ ಎಡಕ್ಕೆ ತಿರುಗು." ಹರೆಯದಲ್ಲಿ ಅವರು ಕಾಲುಚೀಲದ ಕಾರ್ಖಾನೆಯಲ್ಲಿದ್ದರು, ಚೀಲದ ಬೆರಳ ತುದಿಯನ್ನು ಮುಚ್ಚಿ ಹೊಲಿಯುವ ಕೆಲಸ. ಕಾರ್ಖಾನೆ ಸಮುದ್ರ ದಾಟಿ ಹೋಯಿತು. ಚುರುಕು ಬೆರಳುಗಳು ಮಾತ್ರ ಉಳಿದವು, ಅವನ್ನು ಸುಮ್ಮನೆ ಇಟ್ಟುಕೊಳ್ಳುವುದು ಹೇಗೆಂದು ಕೇಕಿಗೆ ಇಳಿದರು. ಈಗ ನಮ್ಮ ಕಣಿವೆಯಲ್ಲಿ ಹುಟ್ಟುವವರು, ಶಾಲೆ ಮುಗಿಸುವವರು, ಮದುವೆಯಾಗುವವರು ಎಲ್ಲರೂ ಅವರ ಅಡುಗೆಮನೆಯನ್ನು ಹಾದೇ ಹೋಗಬೇಕು. ನನ್ನ ಮದುವೆಯ ಕೇಕು ಅವರದು. ಹ್ಯಾಟಿ ಹೊಟ್ಟೆಯಲ್ಲಿದ್ದಾಗ ಗೆಳತಿಯರು ಮಾಡಿದ ಸೀಮಂತಕ್ಕೂ ಅವರೇ.

ಅವರ ಮೊಳೆಯ ಕೆಲಸ ನೋಡಬೇಕು. ಎಡಗೈಯಲ್ಲಿ ತಲೆ ಚಪ್ಪಟೆಯಾದ ದೊಡ್ಡ ಮೊಳೆ, ಬಲಗೈಯಲ್ಲಿ ಕ್ರೀಮಿನ ಕೋನ್. ಮೊಳೆಯನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೋನ್ ಒತ್ತಿದರೆ ಆ ತಲೆಯ ಮೇಲೆ ದಳಕ್ಕೆ ದಳ ಕೂಡಿ ಗುಲಾಬಿ ಏಳುತ್ತದೆ. ಕತ್ತರಿಯಿಂದ ಎತ್ತಿ ಕೇಕಿನ ಮೇಲೆ ಕೂರಿಸುತ್ತಾರೆ. ಅಷ್ಟು ಹೊತ್ತೂ ಕಣ್ಣು ನಮ್ಮ ಮೇಲೆ, ಬಾಯಿ ಊರಿನ ಮೇಲೆ.

ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಗೊತ್ತಿಲ್ಲ. ಕಸ ಹೀರುವ ಯಂತ್ರ ಮಾರುವ ಹುಡುಗನೊಬ್ಬ ಆ ಏರು ಹತ್ತಿ ಬಂದನೆಂದು, ಮನೆಯಲ್ಲಿ ಒಂದಿದ್ದರೂ ಇನ್ನೊಂದು ಕೊಂಡರು. "ಬೆವರು ಸುರಿಸ್ಕೊಂಡು ಬಂದಿದ್ದ ಕಣೇ. ಹೆಂಗೆ ವಾಪಸ್ ಹೋಗು ಅನ್ನಲಿ?" ಆ ಎರಡನೆಯದು ಈಗಲೂ ಪೆಟ್ಟಿಗೆಯಲ್ಲಿಯೇ ಇದೆ.

ನಮ್ಮಲ್ಲಿ ದೊಡ್ಡ ಹುಟ್ಟುಹಬ್ಬವೆಂದರೆ ಮೊದಲನೆಯದೂ ಅಲ್ಲ, ಹದಿನಾರನೆಯದೂ ಅಲ್ಲ. ಅರವತ್ತೈದನೆಯದು. ಅದಕ್ಕೆ ಬೇರೆಯದೇ ಕೇಕು, ಮಿಸ್ ವರ್ಲೀನರೇ ಹುಟ್ಟುಹಾಕಿದ್ದು: ಉದ್ದಚೌಕ, ಮೈತುಂಬ ಬಿಳಿ ಕ್ರೀಮು, ಅಂಚಿಗೆ ಕೆಂಪು ನೀಲಿ ಪಟ್ಟಿ, ಥೇಟ್ ಅರವತ್ತೈದಕ್ಕೆ ಸರ್ಕಾರ ಕೊಡುವ ಆ ಮೆಡಿಕೇರ್ ಕಾರ್ಡಿನ ಹಾಗೆ. ಹೆಸರಿನ ಜಾಗದಲ್ಲಿ ಹೆಸರು. ನಂಬರಿನ ಜಾಗದಲ್ಲಿ ಏನಾದರೊಂದು ಕೀಟಲೆ. ಲಾರಿ ಓಡಿಸುತ್ತಿದ್ದ ಆರ್ವಿಲ್‌ಗೆ "ಇಂಜಿನ್ ಬಿಚ್ಚಿ ನೋಡಿ, ಗ್ಯಾರಂಟಿ ಇದೆ" ಎಂದು ಬರೆದಿದ್ದರು. ಚರ್ಚಿನ ಊಟದ ಹಾಲಿಗೆ ಆ ಕೇಕು ಬಂದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಈಜಿ ದಡ ಸೇರಿದವರಿಗೆ ತಟ್ಟುವ ಹಾಗೆ. ಮೊಣಕಾಲು, ಕಣ್ಣಿನ ಪೊರೆ, ಎದೆಯುರಿ, ಎಲ್ಲೋ ಒಂದು ಗಂಟು, ವರ್ಷಗಟ್ಟಲೆ ಕೂಡಿಹಾಕಿದ್ದನ್ನೆಲ್ಲ ಹೊತ್ತುಕೊಂಡು ಆ ಮನುಷ್ಯ ಮುಂದಿನ ಸೋಮವಾರ ಡಾಕ್ಟರ ಹತ್ತಿರ ಹೊರಡುತ್ತಾನೆ, ಸಂತೆಗೆ ಹೊರಟವನಂತೆ.

ಹೊರಗಿನವರು ಕೇಳುತ್ತಾರೆ, ವಿಮೆ ಮಾಡಿಸಬಾರದೆ ಎಂದು. ಬಡವರಿಗೆ ಸರ್ಕಾರ ಕೊಡುವ ವಿಮೆ ಸಿಗಬೇಕಾದರೆ ನಮ್ಮ ರಾಜ್ಯದಲ್ಲಿ ಬರೀ ಬಡವರಾದರೆ ಸಾಲದು, ಮನೆಯಲ್ಲಿ ಚಿಕ್ಕ ಮಕ್ಕಳಿರಬೇಕು, ಇಲ್ಲವೆ ಮೈಯಲ್ಲಿ ದೊಡ್ಡ ಊನವಿರಬೇಕು. ಸಹಾಯಧನದ ವಿಮೆ ಸಿಗಬೇಕಾದರೆ ವರ್ಷಕ್ಕೆ ಇಂತಿಷ್ಟಾದರೂ ಗಳಿಸಿರಬೇಕು. ಒಂದಕ್ಕೆ ಮಿಸ್ ವರ್ಲೀನರ ಬಳಿ ಮಗುವಿಲ್ಲ, ಇನ್ನೊಂದಕ್ಕೆ ಗಳಿಕೆ ಸಾಲದು. "ಎರಡು ಕುರ್ಚಿ ಇದೆ, ನಾನು ಕೂತಿರೋದು ಮಧ್ಯದ ನೆಲದ ಮೇಲೆ" ಎನ್ನುತ್ತಾರೆ, ನಗುತ್ತಾ.

ನಮ್ಮೂರಿನ ಸಣ್ಣ ಆಸ್ಪತ್ರೆ ಮುಚ್ಚಿ ಬಹಳ ಕಾಲವಾಯಿತು. ಈಗ ಅದು ಸಾಮಾನು ಇಡಲು ಬಾಡಿಗೆಗೆ ಕೊಡುವ ಗೋದಾಮು. ನಾನು ಹುಟ್ಟಿದ ಕೋಣೆಯಲ್ಲಿ ಯಾರದೋ ಮೀನು ಹಿಡಿಯುವ ದೋಣಿ ಇದೆ ಎಂದು ನನ್ನ ಗಂಡ ಟ್ರ್ಯಾವಿಸ್ ರೇಗಿಸುತ್ತಾನೆ. ದೊಡ್ಡ ಆಸ್ಪತ್ರೆಗೆ ಬೆಟ್ಟ ಇಳಿದು ಹೆದ್ದಾರಿ ಹಿಡಿದು ಮುಕ್ಕಾಲು ಗಂಟೆ. ಎಲ್ಲ ಗಾಜು. ಒಳಗೆ ಕಾಲಿಟ್ಟರೆ ಎರಡು ಮಾಳಿಗೆ ಎತ್ತರದಿಂದ ನೀರು ಧುಮುಕುವ ಜಲಪಾತ, ಪಕ್ಕದಲ್ಲಿ ತಂತಾನೇ ನುಡಿಯುವ ಪಿಯಾನೊ. ಹೆದ್ದಾರಿಯ ಉದ್ದಕ್ಕೂ ಅದರ ಹೃದಯದ ಡಾಕ್ಟರುಗಳು ಮನೆಯಷ್ಟು ದೊಡ್ಡ ಬೋರ್ಡುಗಳಲ್ಲಿ ಕೈಕಟ್ಟಿ ನಗುತ್ತಾ ನಿಂತಿರುತ್ತಾರೆ.

ಹೀಗಾಗಿ ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಎದೆ ಹಿಡಿಯಿತು, ಮಗುವಿಗೆ ಉಸಿರು ಸಿಕ್ಕುತ್ತಿಲ್ಲ ಎಂದರೆ ಆಸ್ಪತ್ರೆಗೆ ಹೋಗುತ್ತೇವೆ, ಆದರೆ ಒಳಗಲ್ಲ. ಪಾರ್ಕಿಂಗ್‌ನಲ್ಲಿ, ಎಮರ್ಜೆನ್ಸಿ ಬಾಗಿಲು ಕಾಣುವ ಹಾಗೆ ಗಾಡಿ ನಿಲ್ಲಿಸಿ ಕೂರುತ್ತೇವೆ. ಜಾಸ್ತಿಯಾದರೆ ಒಳಗೆ, ಕಮ್ಮಿಯಾದರೆ ಮನೆಗೆ. ಬಾಗಿಲು ದಾಟಿದ ಕ್ಷಣದಿಂದ ಮೀಟರು ಓಡುತ್ತದೆ. ಗಾಡಿಯಲ್ಲಿ ಕೂತು ನೋಡುವುದಕ್ಕೆ ಯಾರೂ ಬಿಲ್ಲು ಮಾಡುವುದಿಲ್ಲ. ನಾನೂ ಹ್ಯಾಟಿಯ ನಾಯಿಕೆಮ್ಮಿನಲ್ಲಿ ಅಲ್ಲಿ ಕೂತಿದ್ದೇನೆ, ಅವಳ ಎದೆ ಏರುವುದು ಇಳಿಯುವುದನ್ನೇ ನೋಡುತ್ತಾ. ಇದು ವಿಚಿತ್ರ ಎಂದು ಯಾರಿಗೂ ಅನ್ನಿಸುವುದಿಲ್ಲ. ನನಗೂ ಆ ಶನಿವಾರದವರೆಗೆ ಅನ್ನಿಸಿರಲಿಲ್ಲ.

ಅಂದು ಚರ್ಚಿನ ಸುಗ್ಗಿಯ ಊಟಕ್ಕೆಂದು ಕುಂಬಳಕಾಯಿಯ ಆಕಾರದ ಕೇಕು ತರಲು ಹ್ಯಾಟಿಯನ್ನು ಕರೆದುಕೊಂಡು ಹೋದೆ. ಅಡುಗೆಮನೆಯಲ್ಲಿ ಮಿಕ್ಸರು ಖಾಲಿ ಪಾತ್ರೆಯಲ್ಲಿ ಗಿರಗಿರ ತಿರುಗುತ್ತಿತ್ತು. ಕೋನ್ ನೆಲದ ಮೇಲೆ. ಮಿಸ್ ವರ್ಲೀನ್ ಮೇಜು ಹಿಡಿದು ನಿಂತು, ತಮ್ಮ ಬಲಗೈಯನ್ನು ಯಾರದೋ ಕೈ ನೋಡುವಂತೆ ನೋಡುತ್ತಿದ್ದರು.

"ಹಾ... ಹ್ಯಾ..." ಎಂದರು. ಹೆಸರು ಬಾಯಿಯೊಳಗೇ ಮುದ್ದೆಯಾಯಿತು. ಹ್ಯಾಟಿ ಅದನ್ನು ಆಟವೆಂದುಕೊಂಡು ಕಿಸಕ್ಕನೆ ನಕ್ಕಳು.

ಕೂರಿಸಿದೆ. ಶಾಲೆಯ ಗೋಡೆಯ ಮೇಲೆ ಅಂಟಿಸಿದ ಪಟದಲ್ಲಿ ಇರುವ ಹಾಗೆ, "ನಗಿ ನೋಡೋಣ" ಎಂದೆ. ಬಾಯಿಯ ಒಂದು ಮೂಲೆ ಮಾತ್ರ ನಕ್ಕಿತು. "ಎರಡೂ ಕೈ ಎತ್ತಿ" ಎಂದೆ. ಎಡಗೈ ಎದ್ದಿತು, ಬಲಗೈ ಅರ್ಧಕ್ಕೆ ಹೋಗಿ ತೊಡೆಯ ಮೇಲೆ ಬಿತ್ತು. ಲಕ್ವದ ಲಕ್ಷಣ ಎಂದು ನನಗೆ ಗೊತ್ತಾಯಿತು. ಫೋನು ತೆಗೆದೆ. ಅವರು ಎಡಗೈಯಿಂದ ಅದನ್ನು ಮುಚ್ಚಿದರು. ಒಂದು ಮಾತು ಮಾತ್ರ ಸ್ಪಷ್ಟವಾಗಿ ಬಂತು.

"ಬೇಡ."

ಏಕೆಂದು ಗೊತ್ತಿತ್ತು. ನಮ್ಮ ಬೆಟ್ಟದಿಂದ ಆಂಬುಲೆನ್ಸಿಗೆ ಕರೆದರೆ ಹೆಲಿಕಾಪ್ಟರ್ ಬಂದರೂ ಬಂದೀತು, ಅದರ ಬಿಲ್ಲು ಕಟ್ಟಲು ಮನೆ ಮಾರಬೇಕಾದೀತು. ಇಲ್ಲಿಯವರು ರೋಗಕ್ಕಿಂತ ಹೆಲಿಕಾಪ್ಟರಿಗೆ ಹೆಚ್ಚು ಹೆದರುತ್ತಾರೆ.

"ಹಂಗಾದ್ರೆ ನನ್ನ ಗಾಡಿ ಹತ್ತಿ. ಇಲ್ಲಾಂದ್ರೆ ಈಗ್ಲೇ ಫೋನ್ ಮಾಡ್ತೀನಿ" ಎಂದೆ. ತಲೆಯಾಡಿಸಿದರು. ಏಳುವ ಮುಂಚೆ ಎಡಗೈಯಿಂದ ಮೇಜಿನತ್ತ ತೋರಿಸಿದರು: ಮೊಳೆ, ಇನ್ನೊಂದು ಕೋನ್, ಕೇಕಿನ ಕೆಳಗಿಡುವ ರಟ್ಟು. ಹ್ಯಾಟಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಅದೆಲ್ಲ ಯಾಕೆಂದು ಆಗ ಕೇಳಲಿಲ್ಲ. ಆ ಗಳಿಗೆಯಲ್ಲಿ ಒಲೆಯನ್ನೇ ಕಿತ್ತು ತಾ ಎಂದಿದ್ದರೂ ತರುತ್ತಿದ್ದೆ.

ಬೆಟ್ಟ ಇಳಿಯುವಾಗ ಅವರ ನಾಲಿಗೆ ಮರಳಿ ಬಂತು. ಬಂದ ಕೂಡಲೇ ಕೆಲಸ ಶುರುಮಾಡಿತು.

"ಕೆಲ್ಸಿ, ಈ ಥರ ತಿರುವು ತಗೊಂಡ್ರೆ ಲಕ್ವ ಬಿಟ್ಟು ಹೃದಯ ನಿಲ್ಲುತ್ತೆ ಕಣೇ. ನಿಂಗೆ ಗಾಡಿ ಓಡ್ಸೋಕೆ ಕಲಿಸಿದ್ದು ಯಾರು?"

"ನಿಮ್ಮ ಗಂಡಾನೇ, ಮಿಸ್ ವರ್ಲೀನ್."

"ಹೌದಲ್ವಾ! ಅದಕ್ಕೇ." ನಕ್ಕರು. ಈ ಸಲ ಎರಡೂ ಮೂಲೆ ನಕ್ಕವು. ಆದರೆ ಬಲಗೈ ಇನ್ನೂ ಮಡಿಲಲ್ಲಿ ಸತ್ತ ಹಕ್ಕಿಯಂತೆ ಬಿದ್ದಿತ್ತು.

ಪಾರ್ಕಿಂಗ್‌ನಲ್ಲಿ ಮೇಪಲ್ ಮರಗಳ ಕೆಳಗೆ ಜಾಗವಿತ್ತು. ಬಾಗಿಲಿಗೆ ಹತ್ತಿರ, ನೆರಳು ಬೇರೆ. ಅತ್ತ ತಿರುಗಿಸಿದೆ.

"ಆ ಸಾಲು ಬೇಡ."

"ಅಲ್ಲೇ ಹತ್ತಿರ..."

"ಬೇಡ ಅಂದ್ನಲ್ಲ."

ಬಿಸಿಲಲ್ಲಿ ನಿಲ್ಲಿಸಿದೆ. ಪಕ್ಕದ ಪಿಕಪ್ ಗಾಡಿಯಲ್ಲಿ ಕಿತ್ತಳೆ ಟೋಪಿಯ ಗಂಡಸೊಬ್ಬ ಎದೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಯೂನಿವರ್ಸಿಟಿ ತಂಡದ ಫುಟ್‌ಬಾಲ್ ಆಟವನ್ನು ರೇಡಿಯೊದಲ್ಲಿ ಕೇಳುತ್ತಿದ್ದ. ಪಕ್ಕದಲ್ಲಿ ಹೆಂಡತಿ. ಕಿಟಕಿ ಇಳಿಸಿ ನಮ್ಮತ್ತ ತಲೆಯಾಡಿಸಿದ.

"ನೀವೂ ಕಾಯ್ತಿದ್ದೀರಾ?"

"ಹೂಂ. ನಿಮ್ದೇನು?" ಎಂದರು ಮಿಸ್ ವರ್ಲೀನ್, ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಹಾಗೆ.

"ಎದೆ ಮೇಲೆ ಯಾರೋ ಕೂತಂಗೆ ಇತ್ತು. ಆಟ ಮುಗಿಯೋದ್ರೊಳಗೆ ಎದ್ದು ಹೋಗ್ತಾನೆ."

"ಆಟ ಮುಗಿಯೋದ್ರೊಳಗೆ ನೀನೇ ಹೋಗ್ತೀಯ" ಎಂದಳು ಹೆಂಡತಿ. "ಒಳಗೆ ನಡಿ ಅಂದ್ರೆ ಕಿವೀನೇ ಇಲ್ಲ ಇವನಿಗೆ. ಸ್ಕೋರ್ ಮಾತ್ರ ಕೇಳ್ಸುತ್ತೆ."

"ಆಗಸ್ಟಿನಲ್ಲಿ ಅರವತ್ತೈದು ನಂಗೆ" ಎಂದ ಆತ, ಸಮಜಾಯಿಷಿಯಂತೆ.

"ನಂಗೆ ಏಪ್ರಿಲ್ಲು. ನಾನೇ ಮುಂದೆ!" ಎಂದರು ಮಿಸ್ ವರ್ಲೀನ್. ಇಬ್ಬರೂ ನಕ್ಕರು.

ನಾನು ನಗಲಿಲ್ಲ. "ಮಿಸ್ ವರ್ಲೀನ್, ಒಳಗೆ ಹೋಗೋಣ. ಇದು ಹೊತ್ತು ನೋಡೋ ಕಾಯಿಲೆ, ಬೇಗ ಹೋದ್ರೆ ಔಷಧಿ ಇದೆ ಅಂತ ಶಾಲೆಯ ಪಟದಲ್ಲಿ ಬರೆದಿತ್ತು."

"ಮೊದ್ಲು ಕೈ ನೋಡೋಣ. ಹ್ಯಾಟಿ, ಮೊಳೆ ಕೊಡು ಬಂಗಾರ."

ಆಗ ಅರ್ಥವಾಯಿತು. ಗುಲಾಬಿ ಮಾಡಿ ನೋಡಿ ಕೈಯ ಗತಿ ತಿಳಿಯುವುದು ಅವರ ಉಪಾಯ. ಇದು ಮೊದಲ ಸಲವಲ್ಲ ಎಂಬುದೂ ಆಗಲೇ ಹೊಳೆಯಿತು. ಎಡಗೈಯಲ್ಲಿ ಮೊಳೆ ತಿರುಗಿತು, ಬಲಗೈ ಕೋನನ್ನು ಹಿಡಿಯಲಾರದೆ ಜಾರಿಸಿತು, ಮತ್ತೆ ಹಿಡಿಯಿತು. ಒಂದು ಮುದ್ದೆ ಬಿತ್ತು. ರಟ್ಟಿನ ಮೇಲಿಟ್ಟು ಹಿಂದಕ್ಕೆ ಕೊಟ್ಟರು.

"ಹೇಳಮ್ಮ, ಏನಿದು?"

ಹ್ಯಾಟಿ ಪ್ರಾಮಾಣಿಕಳು. "ಎಲೆಕೋಸು."

"ಸರಿ, ತಿಂದ್ಬಿಡು. ಸಾಕ್ಷಿ ಇರಬಾರ್ದು."

ಎರಡನೆಯದೂ ಎಲೆಕೋಸು. ಅದರ ನಡುವೆ ಹೆಲಿಕಾಪ್ಟರೊಂದು ಆಸ್ಪತ್ರೆಯ ಮಾಳಿಗೆಯ ಮೇಲೆ ಇಳಿಯಿತು. ಪಾರ್ಕಿಂಗ್‌ನಲ್ಲಿದ್ದವರೆಲ್ಲ ಕತ್ತು ಎತ್ತಿ ಯಾರ ಪಾಪವೋ ಎಂಬಂತೆ ನೋಡಿದರು.

"ನಾನು ವಿಮಾನ ಹತ್ತಿಲ್ಲ ಕೆಲ್ಸಿ. ಮೊದ್ಲ ಸಲ ಹಾರಿದ್ರೆ ಸಮುದ್ರ ಕಾಣ್ಬೇಕು. ಇದರಲ್ಲಿ ಮಲಗಿಸ್ಕೊಂಡು ಬರ್ತಾರೆ, ಕಿಟಕಿನೂ ಕಾಣಲ್ಲ."

"ರೇಡಿಯೊದಲ್ಲಿ ಹೇಳ್ತಿದ್ರು" ಎಂದೆ, ಮಾತು ಎಲ್ಲಿಗಾದರೂ ಎಳೆದು ಒಳಗೆ ಕರೆದೊಯ್ಯುವ ಆಸೆಯಿಂದ. "ಪ್ರಪಂಚದಲ್ಲಿ ನಮ್ಮಷ್ಟು ದುಡ್ಡು ಆರೋಗ್ಯಕ್ಕೆ ಸುರಿಯೋ ದೇಶ ಇನ್ನೊಂದಿಲ್ವಂತೆ. ಆದ್ರೂ ಬೇರೆ ಶ್ರೀಮಂತ ದೇಶದವರಿಗಿಂತ ನಾವೇ ಬೇಗ ಸಾಯೋದಂತೆ."

ಅವರು ಗಾಜಿನ ಕಟ್ಟಡವನ್ನು ನೋಡಿದರು. ಬಾಗಿಲು ತೆರೆದಾಗೊಮ್ಮೆ ಒಳಗಿನ ಜಲಪಾತ ಮಿಂಚಿ ಮರೆಯಾಗುತ್ತಿತ್ತು.

"ಅಂಗಡಿ ಕಿಟಕೀಲಿ ಇಡೋಕೆ ಅಂತ ಒಂದು ಕೇಕು ಮಾಡಿಸ್ತಾರೆ ನೋಡು, ಐದು ಅಂತಸ್ತಿಂದು. ಒಳಗೆ ಥರ್ಮಾಕೋಲು, ಹೊರಗೆ ಕ್ರೀಮು. ನಿಜವಾದ ಕೇಕಿಗಿಂತ ಅದಕ್ಕೇ ನಾನು ದುಡ್ಡು ಜಾಸ್ತಿ ತಗೊಳ್ಳೋದು, ಎಷ್ಟು ಹೂವು, ಎಷ್ಟು ಬಳ್ಳಿ! ಮೋಸ ಏನಿಲ್ಲ, ಹಾಕಿದ ಕ್ರೀಮೆಲ್ಲಾ ಒಳ್ಳೇದೇ. ಆದ್ರೆ ಹಸಿದವನು ಚಾಕು ಹಾಕಿದ್ರೆ ಕಿರ್ರ್ ಅನ್ನುತ್ತೆ, ಅಷ್ಟೆ."

ಮೂರನೆಯದು ಗುಲಾಬಿಯ ದೂರದ ನೆಂಟನಂತಿತ್ತು. ಹ್ಯಾಟಿ ಅದನ್ನು ತಿರುಗಿಸಿ ನೋಡಿ, "ಇದು ಹೂವೇ, ಆದ್ರೆ ಅಳ್ತಿದೆ" ಎಂದಳು. ತಿನ್ನುತ್ತಾ ಮತ್ತೊಂದು ಪ್ರಶ್ನೆ.

"ಮಿಸ್ ವರ್ಲೀನ್, ನಿಮ್ಮ ಕಾರ್ಡ್ ಕೇಕು ಯಾರು ಮಾಡ್ತಾರೆ?"

"ನಾನೇ. ಬೇರೆಯವರ ಕೈಗೆ ಕೊಡ್ತೀನಾ? ಏನು ಬರೀಬೇಕು ಅಂತಾನೂ ಯೋಚ್ನೆ ಮಾಡಿಟ್ಟಿದೀನಿ."

"ಅರವತ್ತಾರಕ್ಕೆ ಯಾವ ಕೇಕು?"

ಮೊಳೆ ತಿರುಗುವುದು ನಿಂತಿತು.

"ಅರವತ್ತಾರಕ್ಕಾ? ಅದಕ್ಕೆ... ಅದನ್ನ ಕೇಳ್ಕೊಂಡು ಬರೋರು ಕಮ್ಮಿ ಕಣಮ್ಮ."

ನನ್ನ ಕಡೆ ನೋಡಲಿಲ್ಲ. ಆರ್ವಿಲ್ ನನಗೆ ನೆನಪಾದ. ವಸಂತದಲ್ಲಿ ಚಪ್ಪಾಳೆ, ಸೋಮವಾರ ಡಾಕ್ಟರು, ಹೊಟ್ಟೆಯಲ್ಲಿ ಗಂಟು ಎಂದು ತಿಳಿದಾಗ ಅದು ಎಲ್ಲ ಕಡೆ ಹಬ್ಬಿಯಾಗಿತ್ತು. ಇನ್ನೂ ಎಲೆ ಉದುರಿರಲಿಲ್ಲ, ಅವನನ್ನು ಮಣ್ಣು ಮಾಡಿ ಬಂದಿದ್ದೆವು. ಕಾಯಿಲೆ ಗೊತ್ತಾದ ಮೇಲೆ ದುಡ್ಡು ಸುರಿಯುವುದರಲ್ಲಿ ಸರ್ಕಾರ ಏನೂ ಕಡಿಮೆ ಮಾಡಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವನಿಗೆ ಖರ್ಚು ಮಾಡಿದ್ದರಲ್ಲಿ ಒಂದು ಹಿಡಿಯನ್ನು ಹತ್ತು ವರ್ಷದ ಹಿಂದೆ ಮಾಡಿದ್ದರೆ ಅವನೀಗ ಲಾರಿಯಲ್ಲಿ ಕೂತು ಹಾಡು ಹೇಳುತ್ತಿರುತ್ತಿದ್ದ. ಲೆಕ್ಕ ಗೊತ್ತಿರುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೂ ಹೀಗೇ ನಡೆಯುತ್ತದೆ.

ಅವರು ಮತ್ತೆ ಮೊಳೆ ತಿರುಗಿಸತೊಡಗಿದರು. ಈ ಸಲ ಬೆರಳುಗಳು ತಮ್ಮ ಹಳೆಯ ದಾರಿ ಹಿಡಿದವು. ನಡುವಿನ ಮೊಗ್ಗು, ಅದಕ್ಕೆ ಅಪ್ಪಿಕೊಂಡ ಮೂರು ದಳ, ಹೊರಗೆ ಅರಳಿ ಬಾಗಿದ ಐದು. ನಾನು ಬಗ್ಗಿ ನೋಡಿದೆ. ಗುಲಾಬಿ. ನನ್ನ ಮದುವೆಯ ಕೇಕಿನ ಮೇಲಿದ್ದ ಅದೇ ಗುಲಾಬಿ.

"ಇದು ಸರಿಯಾಗಿದೆ!" ಹ್ಯಾಟಿ ಕೂಗಿದಳು. "ವಾಸಿ ಆಯ್ತು! ಇದನ್ನ ತಿನ್ನಲ್ಲ, ಇಟ್ಕೋತೀನಿ. ಮನೆಗೆ ಹೋಗೋಣ್ವಾ?"

ಮಿಸ್ ವರ್ಲೀನ್ ಬಲಗೈ ಮುಷ್ಟಿ ಕಟ್ಟಿ ಬಿಚ್ಚಿದರು, ಮತ್ತೆ ಕಟ್ಟಿ ಬಿಚ್ಚಿದರು. ನಮ್ಮ ಕಡೆಯ ಪದ್ಧತಿಯ ಪ್ರಕಾರ ಇನ್ನು ಗಾಡಿ ಚಾಲೂ ಮಾಡಬೇಕು. ನನ್ನ ಕೈ ಬೀಗದ ಕೈಯ ಮೇಲೆ ಇತ್ತು, ಆದರೆ ತಿರುಗಿಸಲಿಲ್ಲ. ಹೋಗೋಣ ಎಂದರೆ ಏನು ಮಾಡುವುದು, ಎಳೆದುಕೊಂಡು ಹೋಗಲಾದೀತೆ, ಬಲವಂತ ಮಾಡಿ ಆಮೇಲೆ ಬಿಲ್ಲಿಗೆ ಅವರ ಮನೆಯೇ ಹೋದರೆ? ಅವರ ಗಂಡ ಹಾಯ್ಟ್ ಕೈಯಾರೆ ಕಟ್ಟಿದ ಮನೆ ಅದು.

ಅಷ್ಟರಲ್ಲಿ ಪಕ್ಕದ ಗಾಡಿಯಲ್ಲಿ ಹೋ ಎಂಬ ಕೂಗು. ನಮ್ಮ ತಂಡ ಗೆದ್ದಿತ್ತು. ಕಿತ್ತಳೆ ಟೋಪಿಯಾತ ಎದೆ ತಟ್ಟಿಕೊಂಡ.

"ಎದ್ದು ಹೋದ ನೋಡಿ! ಹೇಳ್ಲಿಲ್ವಾ? ಈಗ ಹೊಟ್ಟೆ ಹಸೀತಿದೆ." ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಗಾಡಿ ಹಿಂದಕ್ಕೆ ಬಂತು, ಆತ ಕಿಟಕಿಯಿಂದ ಕೈ ಹೊರಹಾಕಿ ನಮಗೆ ಬೀಸಿದ. ಹ್ಯಾಟಿ ತಿರುಗಿ ಬೀಸಿದಳು. ಮಿಸ್ ವರ್ಲೀನ್ ಬೀಸಲಿಲ್ಲ. ಆ ಗಾಡಿ ಹೆದ್ದಾರಿ ಸೇರುವವರೆಗೆ ನೋಡುತ್ತಲೇ ಇದ್ದರು.

"ಹಾಯ್ಟ್‌ನೂ ಹಿಂಗೇ ಕೈ ಬೀಸಿದ್ದ" ಎಂದರು.

ಅವರ ಗಂಡ ಬೂಟಿನ ಲೇಸು ಕಟ್ಟಲು ಬಗ್ಗಿದವರು ಏಳಲೇ ಇಲ್ಲ ಎಂಬುದು ಕಣಿವೆಗೆಲ್ಲ ಗೊತ್ತು. ಅದಕ್ಕೆ ಮುಂಚಿನದು ನನಗೆ ಗೊತ್ತಿರಲಿಲ್ಲ.

"ಆ ಮೇಪಲ್ ಮರದ ಕೆಳಗೇ ನಿಲ್ಲಿಸಿದ್ವಿ. ಬೆಳಗಿನ ಜಾವ. ಬೆವರು, ಎದೆನೋವು. ಒಳಗೆ ಹೋಗೋಣ ಅಂದೆ, ಸ್ವಲ್ಪ ತಡಿ ಅಂದ. ತಡೆದ್ವಿ. ಕಮ್ಮಿ ಆಯ್ತು. ಎಷ್ಟು ಖುಷಿ ಗೊತ್ತಾ ನಮ್ಗೆ? ಗೆದ್ದಂಗೆ. ಪಕ್ಕದ ಗಾಡೀಲಿ ಯಾರೋ ಕೂತಿದ್ರು, ಅವರಿಗೆ ಕೈ ಬೀಸ್ದ. ಹೋಗ್ತಾ ಹೋಟ್ಲಲ್ಲಿ ಬಿಸಿ ಬಿಸ್ಕಿಟ್ ಬನ್ನಿನ ಮೇಲೆ ಗ್ರೇವಿ ಸುರಿಸ್ಕೊಂಡು ತಿಂದ್ವಿ, ಇನ್ನೊಂದು ಪ್ಲೇಟ್ ಹಾಕಿಸ್ಕೊಂಡ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿರೋ ನಾಷ್ಟಾ ತಿಂದಿಲ್ಲ ಕೆಲ್ಸಿ." ಕೋನಿನ ತುದಿ ಒರೆಸಿ ಮಡಿಚಿದರು. "ಮಾರನೇ ದಿನ ಬೂಟು ಹಾಕ್ಕೊಳ್ಳೋಕೆ ಕೂತ."

ಹಿಂದಿನಿಂದ ಹ್ಯಾಟಿ ಮೆಲ್ಲಗೆ ಕೇಳಿದಳು, "ಅವರಿಗೆ ವಾಸಿ ಆಗಿರ್ಲಿಲ್ವಾ?"

"ಆಗಿತ್ತು ಕಂದಾ. ಅದಕ್ಕೇ ನಾವು ಮೋಸ ಹೋಗಿದ್ದು ನೋಡು."

ಹ್ಯಾಟಿ ಗುಲಾಬಿಯಿದ್ದ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಎರಡು ಸೀಟುಗಳ ನಡುವೆ ಚಾಚಿದಳು, ಇದನ್ನೇನು ಮಾಡಲಿ ಎಂಬಂತೆ. ಮಿಸ್ ವರ್ಲೀನ್ ಅದನ್ನು ತೆಗೆದುಕೊಂಡರು. ಕೆಡಿಸಲಿಲ್ಲ. ಮುಂದಿನ ಗಾಜಿನ ಕೆಳಗೆ ಬಿಸಿಲು ತಾಗದ ಮೂಲೆಯಲ್ಲಿ ಇಟ್ಟರು. ಕನ್ನಡಿ ಇಳಿಸಿ ಕೂದಲು ಸರಿಮಾಡಿಕೊಂಡರು, ಕೆನ್ನೆಗೆ ಅಂಟಿದ ಕ್ರೀಮು ಒರೆಸಿಕೊಂಡರು, ಚರ್ಚಿಗೆ ಹೊರಟವರ ಹಾಗೆ ಅಂಗಿಯ ಕಾಲರು ಎಳೆದುಕೊಂಡರು. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಗಾಜಿನ ಬಾಗಿಲು ನಮ್ಮ ಮುಂದೆ ತೆರೆದುಕೊಂಡು ಮುಚ್ಚಿಕೊಂಡು ಮಾಡುತ್ತಿತ್ತು.

"ಕೆಲ್ಸಿ."

"ಹೇಳಿ, ಮಿಸ್ ವರ್ಲೀನ್."

"ನಂಗೊಂದು ಉಪಕಾರ ಮಾಡ್ತೀಯಾ? ನೀನು ಒಳಗೆ ಹೋಗಿ ಗಾಲಿಕುರ್ಚಿ ಕಳಿಸು. ತಳ್ಕೊಂಡು ಬರೋಕೆ ಯಾರಾದ್ರೂ ಚಿಕ್ಕ ಹುಡುಗೀನ ನೋಡಿ ಕಳಿಸು, ಒಳ್ಳೆ ಮುಖದವಳು. ನನ್ನ ಕಾಲಲ್ಲಿ ನಾನೇ ನಡ್ಕೊಂಡು ಹೋದ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದ್ಬಿಡ್ತೀನಿ. ನನ್ನ ಬುದ್ಧಿ ನಂಗೊತ್ತು. ಆದ್ರೆ ಆ ಮಗು ಇಷ್ಟು ದೂರ ಬಿಸಿಲಲ್ಲಿ ಕುರ್ಚಿ ತಳ್ಕೊಂಡು ಬಂದ್ಮೇಲೆ, ಖಾಲಿ ಕುರ್ಚಿ ಕೊಟ್ಟು ವಾಪಸ್ ಹೋಗು ಅನ್ನೋಕೆ ನನ್ನಿಂದ ಆಗಲ್ಲ ಕಣೇ. ಹೋಗು, ಬೇಗ ಹೋಗು."